ಸಾಂತಾಕ್ರೂಸನ ಪ್ರಬಂಧವನ್ನು ಕೊಂದವಳು

ಪ್ರಬಂಧ ಅಚ್ಚಾಗಿ ಬಂದ ದಿನ ಪಾಸ್ತೊ ಪಟ್ಟಣದ ಸಂಶೋಧನಾ ಕೇಂದ್ರದಲ್ಲಿ ಕೇಕು ಕತ್ತರಿಸಿದರು. ಎನಿತ್ ಹೊಹೋವಳ ಕೈಗೂ ಒಂದು ತುಂಡು ಬಂತು. ಅದನ್ನು ಹಿಡಿದುಕೊಂಡೇ ಅವಳು ಇನ್ನೊಂದು ಕೈಯಲ್ಲಿ ಪುಟ ತಿರುವಿದಳು. ಶೀರ್ಷಿಕೆಯ ಕೆಳಗೆ ಮೊದಲ ಹೆಸರು ಫೆಲಿಪೆಯದು. ಅವನು ಕೇಂದ್ರದ ನಿರ್ದೇಶಕ ಡಾಕ್ಟರ್ ಎವರಾರ್ದೊ ಸಾಂತಾಕ್ರೂಸನ ಅಕ್ಕನ ಮಗ. ಹೆಸರುಗಳ ಸಾಲಿನಲ್ಲಿ ಯಜಮಾನನಿಗೆ ಮೀಸಲಾದ ಕೊನೆಯ ಜಾಗದಲ್ಲಿ ಸಾಂತಾಕ್ರೂಸನೇ ಕೂತಿದ್ದ. ನಡುವೆ ಇನ್ನೂ ಕೆಲವರಿದ್ದರು, ಅವರಲ್ಲಿ ಇಬ್ಬರ ಮುಖವನ್ನು ಎನಿತ್ ಕಂಡೇ ಇರಲಿಲ್ಲ. ಅವಳ ಹೆಸರು ಎಲ್ಲೂ ಇರಲಿಲ್ಲ.

ಕೊನೆಯ ಪುಟದಲ್ಲಿ, ಅನುದಾನ ಕೊಟ್ಟವರಿಗೆಲ್ಲ ವಂದನೆ ಹೇಳಿ ಮುಗಿದ ಮೇಲೆ, ಇರುವೆಯಂಥ ಅಕ್ಷರದಲ್ಲಿ ಒಂದು ಸಾಲಿತ್ತು: ರೋಗಿಗಳ ಎಲ್ಲ ಮಾದರಿಗಳನ್ನೂ ತಾಸ್ಕ್ವಾಲ್ ಹಳ್ಳಿಯಿಂದ ಸಂಗ್ರಹಿಸಿಕೊಟ್ಟ ತಾಂತ್ರಿಕ ಸಹಾಯಕಿ ಇ. ಹೋಯಾ ಅವರಿಗೆ ಕೃತಜ್ಞತೆಗಳು.

ಹೊಹೋವ ಎಂಬುದು ಅಚ್ಚಿನ ಮನೆ ತಲುಪುವಷ್ಟರಲ್ಲಿ ಹೋಯಾ ಆಗಿತ್ತು.

ತಾಸ್ಕ್ವಾಲ್ ಅವಳು ಹುಟ್ಟಿದ ಊರು. ಗಲೇರಾಸ್ ಜ್ವಾಲಾಮುಖಿಯ ಹಿಂಬದಿಯ ಇಳಿಜಾರಿನಲ್ಲಿ, ಆಲೂಗಡ್ಡೆ ಹೊಲಗಳ ನಡುವೆ, ಅರ್ಧ ಊರಿಗೆ ಹೊಹೋವ ಎಂದೇ ಮನೆತನದ ಹೆಸರು. ಆ ಗುಡ್ಡಗಾಡಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಹಳೆಯ ನೆಂಟನ ಹಾಗೆ ಮನೆಮನೆಗೆ ಬಂದು ಹೋಗುತ್ತಿತ್ತು. ಎನಿತಳ ತಾಯಿಯನ್ನು ಕರೆದುಕೊಂಡು ಹೋದದ್ದೂ ಅದೇ. ಆಗಿನ್ನೂ ಶಾಲೆಯಲ್ಲಿದ್ದ ಹುಡುಗಿ ಹಟ ಹಿಡಿದು ಓದಿ, ರಾಜಧಾನಿ ಬೊಗೊಟಾಗೆ ಹೋಗಿ ಡಾಕ್ಟರೇಟ್ ಮಾಡಿ, ಕ್ಯಾನ್ಸರ್ ಗೆಡ್ಡೆಗಳ ಜೀನ್‌ಗಳನ್ನು ಓದುವ ವಿದ್ಯೆ ಕಲಿತು ಹಿಂತಿರುಗಿದ್ದಳು. ಶಸ್ತ್ರಚಿಕಿತ್ಸೆಯಾದವರ ಮನೆ ಬಾಗಿಲು ತಟ್ಟಿದವಳು ಅವಳು. ಒಪ್ಪಿಗೆ ಪಡೆದವಳು, ಮಂಜುಗಡ್ಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದವಳು, ರೋಗಿಗಳಲ್ಲಿ ಮತ್ತೆಮತ್ತೆ ಕಾಣಿಸುವ ಒಂದು ಜೀನ್ ಬದಲಾವಣೆಯನ್ನು ಮೊದಲು ಗುರುತಿಸಿದವಳೂ ಅವಳೇ. ಫೆಲಿಪೆ ಮಾಡಿದ ಕೆಲಸವೆಂದರೆ ಚಿತ್ರಗಳಿಗೆ ಬಣ್ಣ ಹಾಕಿದ್ದು.

ಅವಳು ಕೇಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನೇರ ನಿರ್ದೇಶಕನ ಕೋಣೆಗೆ ಹೋದಳು.

“ಕೂತ್ಕೋ ಮಗಳೇ,” ಅಂದ ಸಾಂತಾಕ್ರೂಸ್. ಬೆಳ್ಳಿ ಮೀಸೆ, ತಣ್ಣಗಿನ ದನಿ. “ನಂಗೊತ್ತು ನೀನ್ಯಾಕೆ ಬಂದೆ ಅಂತ. ಫೆಲಿಪೆಗೆ ಸ್ಪೇನಲ್ಲಿ ಜಾಗ ಸಿಗೋದಿತ್ತು, ಮೊದಲ ಹೆಸರು ಇಲ್ಲದಿದ್ರೆ ಅಲ್ಲಿ ಯಾರೂ ಮೂಸೂ ನೋಡಲ್ಲ. ಮುಂದಿನ ಪ್ರಬಂಧದಲ್ಲಿ ನಿಂದೇ ಮೊದಲು.”

“ಮೊದಲು ಬೇಡ ಡಾಕ್ಟರ್. ನಡುವೆ ಕೂಡ ಇಲ್ವಲ್ಲ.”

“ಪತ್ರಿಕೆಯವರು ಹೆಸರು ಕಡಿಮೆ ಮಾಡಿ ಅಂದ್ರು.”

“ಮತ್ತೆ ಆರೋಗ್ಯವಂತರ ರಕ್ತ? ನಾನು ಎಷ್ಟು ಸಲ ಹೇಳಿದೆ! ರೋಗಿಗಳೆಲ್ಲ ತಾಸ್ಕ್ವಾಲಿನವರು, ಹೋಲಿಕೆಗೆ ತಗೊಂಡಿರೋ ಆರೋಗ್ಯವಂತರೆಲ್ಲ ಈ ಪಟ್ಟಣದವರು. ಊರಿನ ಗಟ್ಟಿಮುಟ್ಟಾಗಿರೋ ಮುದುಕರಲ್ಲೂ ಈ ಬದಲಾವಣೆ ಇದೆಯೋ ಇಲ್ವೋ ನೋಡ್ಬೇಕು ಅಂದೆ. ಇದ್ರೆ ಅದು ರೋಗದ ಗುರುತಲ್ಲ, ಬರೀ ಆ ಊರಿನ ವಂಶದ ಗುರುತು ಅಂದೆ.”

ಸಾಂತಾಕ್ರೂಸ್ ಗಡಿಯಾರ ನೋಡಿಕೊಂಡ. “ಅದಕ್ಕೆಲ್ಲ ಸಮಯ ಎಲ್ಲಿತ್ತು? ಪೆರುವಿನವರು ನಮಗಿಂತ ಮುಂಚೆ ಅಚ್ಚು ಹಾಕಿಸ್ಬಿಡ್ತಿದ್ರು. ಹೋಗು, ಕೇಕು ತಿನ್ನು. ಹೆಂಗಸರು ಇಷ್ಟು ಕಹಿಯಾಗಿರಬಾರದು, ಮುಖ ಬೇಗ ಸುಕ್ಕಾಗುತ್ತೆ.”

ಮೆಟ್ಟಿಲಿಳಿಯುವಾಗ ಅಳು ಬರಬಹುದು ಎಂದುಕೊಂಡಿದ್ದಳು. ಬಂದದ್ದು ನಗು. ಆ ಪ್ರಬಂಧ ತಪ್ಪಾಗಿದ್ದರೆ ಅದರಲ್ಲಿ ತನ್ನ ಹೆಸರಿಲ್ಲ. ಕಳ್ಳ ಕೈಯಾರೆ ಅವಳನ್ನು ಪಾರು ಮಾಡಿದ್ದಾನೆ. ಅವನ ಮೀಸೆಗೆ ಬೆಂಕಿ ಹಚ್ಚುವ ಕಡ್ಡಿ ತನ್ನ ಊರಿನ ಮುದುಕರ ರಕ್ತದಲ್ಲಿದೆ. ಅವಳು ಆ ವಾರವೇ ಕೇಂದ್ರ ಬಿಟ್ಟು, ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಗೆಡ್ಡೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಲಸಕ್ಕೆ ಸೇರಿದಳು.

ಪ್ರಬಂಧ ಮಾತ್ರ ಕುದುರೆಯೇರಿತು. ಅವರ ಲೋಕದಲ್ಲಿ ಮನುಷ್ಯನ ತೂಕವನ್ನು ಅಳೆಯುವುದು ಬೇರೆಯವರು ಅವನ ಪ್ರಬಂಧವನ್ನು ಎಷ್ಟು ಸಲ ಉಲ್ಲೇಖಿಸಿದರು ಎಂಬುದರಿಂದ. ಮೆಕ್ಸಿಕೊದವರು ಉಲ್ಲೇಖಿಸಿದರು, ಜಪಾನಿನವರು ಉಲ್ಲೇಖಿಸಿದರು, ಓದದವರೂ ಉಲ್ಲೇಖಿಸಿದರು. ಎರಡೇ ವರ್ಷದಲ್ಲಿ ಸಾಂತಾಕ್ರೂಸನ ಲೆಕ್ಕ ಸಾವಿರ ದಾಟಿತು. ಎನಿತ್ ಪ್ರತಿದಿನ ಬೆಳಗ್ಗೆ ಕಾಫಿಯ ಜೊತೆಗೆ ಆ ಸಂಖ್ಯೆಯನ್ನು ತೆರೆದು ನೋಡುತ್ತಿದ್ದಳು, ಶತ್ರುವಿನ ಮನೆಯ ಮಹಡಿ ಎಷ್ಟು ಎತ್ತರ ಎದ್ದಿದೆ ಎಂದು ನೋಡುವವರ ಹಾಗೆ. ಏಳಲಿ, ಇನ್ನೂ ಏಳಲಿ ಎಂದು ಒಳಗೇ ಹಲ್ಲು ಮಸೆಯುತ್ತಿದ್ದಳು.

ಅಷ್ಟರಲ್ಲಿ ಪತ್ರಿಕೆ, ರೇಡಿಯೊಗಳೆಲ್ಲ ಅದಕ್ಕೆ ‘ತಾಸ್ಕ್ವಾಲ್ ಜೀನ್’ ಎಂದು ಹೆಸರಿಟ್ಟಾಗಿತ್ತು. ಸಂತೆಯಲ್ಲಿ ತಾಸ್ಕ್ವಾಲಿನ ಹೆಂಗಸರು ಗಿಣ್ಣು ಮಾರಲು ಕೂತರೆ, “ನಿಮ್ಮ ಹೊಟ್ಟೆ ಕೊಳೆತದ್ದು ಸಾಲ್ದಾ, ನಮ್ಮದೂ ಕೊಳೀಬೇಕಾ?” ಎಂದು ಅಣಕಿಸಿ ಮುಂದೆ ಹೋಗುವವರು ಹುಟ್ಟಿಕೊಂಡರು. ಎನಿತಳ ದೊಡ್ಡಪ್ಪನ ಮಗಳು ಫ್ಲೋರಾಲ್ಬಾಗೆ ಯಾಮಿಲೆ ಎಂಬ ಮಗಳಿದ್ದಳು. ನಗುನಗುತ್ತಾ ಓಡಾಡುವ, ಊರಿನ ವಾದ್ಯಮೇಳದಲ್ಲಿ ಕ್ಲಾರಿನೆಟ್ ಊದುವ ಹುಡುಗಿ. ಅವಳಿಗೆ ಮದುವೆ ನಿಶ್ಚಯವಾಗಿತ್ತು. ಗಂಡಿನ ತಾಯಿ ಪತ್ರಿಕೆಯ ತುಂಡೊಂದನ್ನು ಹಿಡಿದುಕೊಂಡು ಬಂದು, “ಹುಡುಗಿ ಒಳ್ಳೆಯವಳೇ, ರಕ್ತ ಒಳ್ಳೇದಲ್ವಂತಲ್ಲ,” ಎಂದು ಉಂಗುರ ವಾಪಸು ತೆಗೆದುಕೊಂಡು ಹೋದಳು. ಯಾಮಿಲೆಯ ತಂದೆ ಹೊಟ್ಟೆಯ ಕ್ಯಾನ್ಸರಿನಲ್ಲೇ ಸತ್ತಿದ್ದ. ಫೆಲಿಪೆ ಸ್ಪೇನಿನಿಂದ ಬಂದು ತೆರೆದಿದ್ದ ಪ್ರಯೋಗಾಲಯದಲ್ಲಿ ಅವಳು ಪರೀಕ್ಷೆ ಮಾಡಿಸಿಕೊಂಡಳು. ಬದಲಾವಣೆ ಇದೆ ಎಂದು ಫಲಿತಾಂಶ ಬಂತು.

ಎನಿತ್ ರಜೆಯ ದಿನಗಳಲ್ಲೆಲ್ಲ ತಾಸ್ಕ್ವಾಲಿಗೆ ಹೋಗತೊಡಗಿದಳು. ಬಾಗಿಲುಗಳು ಮುಂಚಿನ ಹಾಗೆ ತೆರೆಯಲಿಲ್ಲ. ಕೊನೆಗೆ ಅವಳು ಹೋದದ್ದು ತಾಯಿಯ ಅಕ್ಕ ಎದೆಲ್ಮಿರಾಳ ಹತ್ತಿರ. ತೊಂಬತ್ತರ ಹತ್ತಿರದ ಮುದುಕಿ. ತಲೆಗೆ ಫೆಲ್ಟ್ ಟೋಪಿ, ಹೆಗಲಿಗೆ ಕಪ್ಪು ಶಾಲು. ಒಲೆಯ ಪಕ್ಕ ಕುಯ್‌ಗಳು, ತಿನ್ನಲೆಂದು ಸಾಕಿದ ಗಿನಿಯಿಲಿಗಳು, ಗುಂಯ್‌ಗುಟ್ಟುತ್ತಾ ಹುಲ್ಲು ಮೆಲ್ಲುತ್ತಿದ್ದವು. ಅವುಗಳಲ್ಲಿ ಕೊಬ್ಬಿದ್ದನ್ನು ಆರಿಸಿ ಕತ್ತು ಹಿಡಿದೆತ್ತಿ ನೋಡುತ್ತಿದ್ದ ಮುದುಕಿ ತಲೆ ಎತ್ತದೆಯೇ ಕೇಳಿದಳು.

“ಮತ್ತೆ ರಕ್ತ ಹೀರೋಕೆ ಬಂದ್ಯಾ, ತಿಗಣೆ?”

“ಹೂಂ ದೊಡ್ಡಮ್ಮ.”

“ಮೊದಲು ತಗೊಂಡೋಗಿ ಏನ್ಮಾಡಿದ್ರಿ? ನಾವು ಕೊಟ್ವಿ, ನೀವು ಊರಿನ ಹೆಸರಿಗೆ ಸಗಣಿ ಬಳಿದ್ರಿ. ಆ ಯಾಮಿಲೆ ಕೊಳಲು ಮುಟ್ಟಿ ಎಷ್ಟು ತಿಂಗಳಾಯ್ತು ಗೊತ್ತಾ?”

“ಬಳಿದವನು ಬೇರೆ ದೊಡ್ಡಮ್ಮ. ನನ್ನ ಹೆಸರನ್ನೂ ಅವನೇ ತಿಂದ. ನಿಮ್ಮಂಥ ಗಟ್ಟಿ ಮುದುಕರ ರಕ್ತ ಕೊಡಿಸು. ಅದೇ ಸಗಣೀನ ಅವನ ಮುಖಕ್ಕೆ ಬಳೀತೀನಿ.”

ಎದೆಲ್ಮಿರಾ ಕುಯ್ಯನ್ನು ಕೆಳಗಿಟ್ಟಳು. ಅವಳ ಕಣ್ಣಿನಲ್ಲಿ ಹುಡುಗಾಟದ ಹೊಳಪು ಬಂತು. ಶಾಲು ಸರಿಸಿ, ಒಣಗಿದ ಕೊಂಬೆಯಂಥ ತೋಳು ಚಾಚಿ, “ಹಂಗಂದ್ರೆ ಎರಡು ಸೀಸೆ ತಗೋ,” ಅಂದಳು. “ಒಂದು ಅವನಿಗೆ, ಇನ್ನೊಂದು ಆ ಸೋದರಳಿಯನಿಗೆ.”

ಮುದುಕಿ ಕೊಟ್ಟಳೆಂದು ಮಿಕ್ಕವರೂ ಕೊಟ್ಟರು. ಆಲೂಗಡ್ಡೆ ಮೂಟೆ ಇನ್ನೂ ತಾವೇ ಹೊರುವ ಮುದುಕರು, ಒಂದು ದಿನವೂ ಆಸ್ಪತ್ರೆಯ ಮೆಟ್ಟಿಲು ತುಳಿಯದ ಅಜ್ಜಿಯರು, ಒಬ್ಬೊಬ್ಬರಾಗಿ ಎದೆಲ್ಮಿರಾಳ ಅಡುಗೆಮನೆಗೆ ಬಂದು ತೋಳು ಚಾಚಿದರು. ಮಾದರಿಗಳು ಹೊರದೇಶದ ಮೊಂತೆವಿದಿಯೊ ನಗರಕ್ಕೆ ಹೋದವು. ಬೊಗೊಟಾದಲ್ಲಿ ಎನಿತಳ ಜೊತೆ ಓದಿದ್ದ ಇವೊನ್ನೆ ಎಂಬ ಗೆಳತಿಗೆ ಅಲ್ಲಿ ಸ್ವಂತ ಪ್ರಯೋಗಾಲಯವಿತ್ತು. ಆಸ್ಪತ್ರೆಯ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲೇ ಎನಿತ್ ಎಲ್ಲವನ್ನೂ ಮಾಡಬೇಕಿತ್ತು. ಅದಕ್ಕೆ ವರ್ಷಗಳೇ ಹಿಡಿದವು.

ಫಲಿತಾಂಶ ಬಂದದ್ದು ಆಗಸ್ಟಿನಲ್ಲಿ, ಗುಡ್ಡದ ಮೇಲೆ ಗಾಳಿಪಟಗಳು ಹಾರುವ ಕಾಲದಲ್ಲಿ. ಆರೋಗ್ಯವಂತ ಮುದುಕರಲ್ಲೂ ರೋಗಿಗಳಲ್ಲಿದ್ದಷ್ಟೇ ಪಾಲು ಜನಕ್ಕೆ ಆ ಬದಲಾವಣೆ ಇತ್ತು. ಎದೆಲ್ಮಿರಾಗೆ ತಂದೆಯಿಂದಲೂ ತಾಯಿಯಿಂದಲೂ, ಎರಡೂ ಕಡೆಯಿಂದ ಬಂದಿತ್ತು. ಅದು ಸಾವಿನ ಗುರುತಾಗಿರಲಿಲ್ಲ. ತಾಸ್ಕ್ವಾಲಿನಲ್ಲಿ ಹುಟ್ಟಿದ್ದರ ಗುರುತಾಗಿತ್ತು, ಅಷ್ಟೆ.

ಇವೊನ್ನೆ ಫೋನಿನಲ್ಲಿ ಕೂಗಾಡಿದಳು. “ಈಗಲೇ ಕಳಿಸು ಕಣೇ! ಇವತ್ತೇ!”

“ಇಲ್ಲ. ಫೆಬ್ರವರಿಯಲ್ಲಿ ಪಾಸ್ತೊದಲ್ಲಿ ದೊಡ್ಡ ಸಮ್ಮೇಳನ ಇದೆ. ಹೊರದೇಶದವರೆಲ್ಲ ಬರ್ತಾರೆ. ಅಲ್ಲಿ ಅವನಿಗೆ ಪದಕ ಹಾಕ್ತಾರೆ. ಪ್ರಬಂಧ ಆ ವಾರಕ್ಕೆ ಸರಿಯಾಗಿ ಹೊರಗೆ ಬರೋ ಹಾಗೆ ಕಳಿಸ್ತೀನಿ.”

“ಇದು ವಿಜ್ಞಾನ, ಕೋಳಿ ಅಂಕ ಅಲ್ಲ.”

“ನಿಂಗೆ ಅರ್ಥ ಆಗಲ್ಲ ಇವೊನ್ನೆ. ಅವನು ತಪ್ಪು ಅಂತ ನಾನು ಬರೆದ್ರೂ ಅವನ ಹೆಸರು ಹೇಳಲೇಬೇಕಲ್ಲ? ಅದೂ ಅವನಿಗೆ ಒಂದು ಉಲ್ಲೇಖ! ನಾನು ಒದ್ದರೆ ಅವನು ಒಂದು ಮೆಟ್ಟಿಲು ಮೇಲೆ ಹೋಗ್ತಾನೆ. ಪತ್ರಿಕೆಯವರು ಪ್ರಬಂಧವನ್ನೇ ವಾಪಸು ತಗೋಬೇಕು. ಎಲ್ಲರ ಎದುರಿಗೆ ಮುಖಭಂಗ ಆಗದೆ ಅವರು ತಗೊಳ್ಳಲ್ಲ.”

“ನಿನ್ನ ಇಷ್ಟ,” ಎಂದು ಗೆಳತಿ ಫೋನಿಟ್ಟಳು.

ಸೆಪ್ಟೆಂಬರಿನಲ್ಲಿ ಫ್ಲೋರಾಲ್ಬಾ ಆಸ್ಪತ್ರೆಗೆ ಬಂದಳು. ಗಿಣ್ಣಿನ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಳು.

“ಎನಿತ್, ಯಾಮಿಲೆ ಆಪರೇಷನ್ ಮಾಡಿಸಿ ಹೊಟ್ಟೆ ತೆಗೆಸ್ಕೊಳ್ತೀನಿ ಅಂತಾಳೆ. ಊಟ ಅರಗೋ ಚೀಲಾನೇ. ಪೂರ್ತಿ. ರೋಗ ಬರೋಕ್ ಮುಂಚೆ ತೆಗೆಸಿಬಿಟ್ರೆ ಬದುಕ್ಕೋಬಹುದು ಅಂತ ಫೆಲಿಪೆ ಡಾಕ್ಟ್ರು ಹೇಳಿದ್ರಂತೆ. ಬೊಗೊಟಾದಲ್ಲಿ ಮಾಡ್ತಾರಂತೆ. ಅಪ್ಪನ ಹಾಗೆ ನರಳಿ ಸಾಯೋಕೆ ನಂಗಿಷ್ಟ ಇಲ್ಲ ಅಂತಾಳೆ. ನೀನು ಓದಿದೋಳು. ಏನ್ ಮಾಡ್ಲಿ ಹೇಳು.”

ಎನಿತಳ ನಾಲಿಗೆಯ ತುದಿಗೆ ಮಾತು ಬಂತು. ಹೇಳಿದರೆ ಫ್ಲೋರಾಲ್ಬಾ ಸಂತೆಯಲ್ಲಿ ಹೇಳುತ್ತಾಳೆ. ಸಂತೆಯಲ್ಲಿ ಹೇಳಿದ್ದು ಮಾರನೆಯ ದಿನ ಸಾಂತಾಕ್ರೂಸನ ಕಿವಿಗೆ ಬೀಳುತ್ತದೆ. ಅವನು ತಾನೇ ಮುಂದಾಗಿ, ‘ಹೆಚ್ಚಿನ ಅಧ್ಯಯನದಿಂದ ತಿಳಿದುಬಂದಿದೆ’ ಎಂದು ನಾಜೂಕಾಗಿ ಒಂದು ತಿದ್ದುಪಡಿ ಬರೆದು, ಪದಕವನ್ನೂ ಹಾಕಿಸಿಕೊಂಡು, ಪ್ರಾಮಾಣಿಕ ವಿಜ್ಞಾನಿ ಎಂದು ಹೊಗಳಿಸಿಕೊಳ್ಳುತ್ತಾನೆ.

“ಅವಸರ ಬೇಡ ಅಂತ ಹೇಳು,” ಅಂದಳು. “ಜನವರಿಯ ಕಾರ್ನಿವಲ್ ಹಬ್ಬ ಮುಗಿಯಲಿ. ಆಮೇಲೆ ನೋಡೋಣ.”

“ಯಾಕೆ? ಏನಾದ್ರೂ ಗೊತ್ತಾ ನಿಂಗೆ?”

“ಸುಮ್ನೆ. ಸ್ವಲ್ಪ ತಡಿ ಅಂತ ಹೇಳು.”

ಯಾಮಿಲೆ ತಡೆಯಲಿಲ್ಲ. ಅಕ್ಟೋಬರಿನ ಕೊನೆಗೆ ಸುದ್ದಿ ಬಂದಾಗ ಶಸ್ತ್ರಚಿಕಿತ್ಸೆ ಮುಗಿದಿತ್ತು. ತೆಗೆದ ಹೊಟ್ಟೆಯಲ್ಲಿ ಒಂದು ಕೆಟ್ಟ ಜೀವಕೋಶವೂ ಸಿಗಲಿಲ್ಲವಂತೆ. ‘ಸರಿಯಾದ ಸಮಯಕ್ಕೆ ಬಂದಿರಿ’ ಎಂದು ಡಾಕ್ಟರು ಹೇಳಿದರಂತೆ. ಎನಿತ್ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಅವಳ ಸಿಟ್ಟು ಇಮ್ಮಡಿಯಾಗಿತ್ತು. ಎಲ್ಲವನ್ನೂ ಅವಳು ಸಾಂತಾಕ್ರೂಸನ ತಲೆಗೇ ಕಟ್ಟಿದಳು. ಹಾಗೆ ಕಟ್ಟುವುದು ಸುಲಭವಾಗಿತ್ತು.

ಸಮ್ಮೇಳನದ ದಿನ ಸಭಾಂಗಣ ತುಂಬಿತ್ತು. ಪದಕ ಆಗಲೇ ಕೊರಳಿಗೆ ಬಿದ್ದಿತ್ತು. ಸಾಂತಾಕ್ರೂಸ್ ಪರದೆಯ ಮೇಲೆ ತನ್ನ ಉಲ್ಲೇಖಗಳ ಏರುಗೆರೆಯನ್ನು ತೋರಿಸಿ ವಿನಯದಿಂದ ತಲೆ ಬಾಗಿಸಿದ. ಚಪ್ಪಾಳೆ ನಿಂತಿತು, ಪ್ರಶ್ನೆಗಳಿದ್ದರೆ ಕೇಳಬಹುದು ಅಂದರು. ಹಿಂದಿನ ಸಾಲಿನಲ್ಲಿ ಎನಿತ್ ಎದ್ದು ನಿಂತಳು.

“ಡಾಕ್ಟರ್, ತಾಸ್ಕ್ವಾಲಿನ ಆರೋಗ್ಯವಂತರ ರಕ್ತವನ್ನ ನೀವು ನೋಡಿದ್ರಾ?”

ಅವನು ಅವಳನ್ನು ಗುರುತಿಸಿದ. ಮೀಸೆಯಡಿಯಲ್ಲಿ ನಗು ಹಾಗೇ ಇತ್ತು. “ಈ ಹೆಣ್ಣುಮಗಳು ಹಿಂದೆ ನಮ್ಮಲ್ಲಿ ತಾಂತ್ರಿಕ ಸಹಾಯಕಿಯಾಗಿದ್ರು,” ಎಂದು ಸಭೆಗೆ ಹೇಳಿದ. “ಅಂಥ ಹೋಲಿಕೆಯ ಅಗತ್ಯ ನಮಗೆ ಕಾಣಲಿಲ್ಲ.”

“ನಿಜ, ಸಹಾಯಕಿ. ರೋಗಿಗಳ ಮಾದರಿ ಎಲ್ಲಾ ಒಂದೇ ಊರಿಂದ ನಾನೇ ತಂದೆ ಅಂತ ನಿಮ್ಮ ಪ್ರಬಂಧದ ಕೊನೇ ಪುಟದಲ್ಲೇ ಅಚ್ಚಾಗಿದೆ. ನನ್ನ ಹೆಸರು ತಪ್ಪಾಗಿದೆ, ವಿಷಯ ಸರಿಯಾಗಿದೆ. ಆ ಊರಿನ ಆರೋಗ್ಯವಂತರನ್ನ ನಾನು ನೋಡಿದೆ ಡಾಕ್ಟರ್. ನಿಮ್ಮ ಜೀನ್ ರೋಗಿಗಳಲ್ಲಿ ಇರೋವಷ್ಟೇ ಅವರಲ್ಲೂ ಇದೆ. ನನ್ನ ಪ್ರಬಂಧ ಇವತ್ತು ಬೆಳಗ್ಗೆ ಅಚ್ಚಾಗಿದೆ. ಇಲ್ಲಿರೋರು ಫೋನ್ ತೆಗೆದು ನೋಡಬಹುದು.”

ಸಭಾಂಗಣದಲ್ಲಿ ಫೋನುಗಳು ಮಿಂಚುಹುಳಗಳಂತೆ ಬೆಳಗಿದವು. ಅಷ್ಟರಲ್ಲಿ ಎನಿತಳ ಪಕ್ಕದಲ್ಲಿ ಕೂತಿದ್ದ ಮುದುಕಿ ಕೋಲೂರಿಕೊಂಡು ಎದ್ದಳು. ಟೋಪಿ ತೆಗೆಯಲಿಲ್ಲ.

“ನಾನು ಎದೆಲ್ಮಿರಾ ಹೊಹೋವ, ತಾಸ್ಕ್ವಾಲಿನವಳು. ನಿಮ್ಮ ಜೀನ್ ನನ್ನತ್ರ ಎರಡಿದೆಯಂತೆ. ತೊಂಬತ್ತು ತುಂಬ್ತು. ನಿನ್ನೆ ಒಂದಿಡೀ ಕುಯ್ ತಿಂದೆ, ಮೇಲೆ ಎರಡು ಲೋಟ ಬಿಸಿ ಸಾರಾಯಿ. ನಾನು ಯಾವಾಗ ಸಾಯ್ತೀನಿ ಅಂತ ಸ್ವಲ್ಪ ಹೇಳ್ಬಿಡಿ ಡಾಕ್ಟ್ರೇ, ಸಾಕೋಕೆ ಹಂದಿಮರಿ ತರ್ಬೇಕೋ ಬೇಡ್ವೋ ಅಂತ ಯೋಚಿಸ್ತಿದೀನಿ.”

ಮೊದಲು ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು. ಸಾಂತಾಕ್ರೂಸ್ ನೀರಿನ ಲೋಟಕ್ಕೆ ಕೈ ಚಾಚಿ ಅದನ್ನು ಉರುಳಿಸಿದ. ನೀರು ಮೇಜಿನಿಂದ ಅವನ ಪ್ಯಾಂಟಿನ ಮೇಲೆ ಸುರಿಯಿತು. ಅವನು ಒದ್ದೆಯಾಗಿ ನಿಂತದ್ದನ್ನು ಎನಿತ್ ಕಣ್ಣು ಮಿಟುಕಿಸದೆ ನೋಡಿದಳು. ಅಷ್ಟು ರುಚಿಯಾದದ್ದೇನನ್ನೂ ಅವಳು ಜೀವನದಲ್ಲಿ ಸವಿದಿರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಪತ್ರಿಕೆಯವರು ಅವನ ಪ್ರಬಂಧವನ್ನು ಹಿಂತೆಗೆದುಕೊಂಡರು. ಈಗ ಅದನ್ನು ತೆರೆದರೆ ಪ್ರತಿ ಪುಟಕ್ಕೂ ಅಡ್ಡಲಾಗಿ ‘ಹಿಂತೆಗೆಯಲಾಗಿದೆ’ ಎಂಬ ಕೆಂಪಕ್ಷರ ಕಾಣಿಸುತ್ತದೆ. ಸಾಂತಾಕ್ರೂಸ್ ಆರೋಗ್ಯದ ಕಾರಣ ಹೇಳಿ ರಾಜೀನಾಮೆ ಕೊಟ್ಟ. ಫೆಲಿಪೆಯ ಪ್ರಯೋಗಾಲಯದ ಫಲಕ ಇಳಿಯಿತು. ಜಗತ್ತಿನ ಮೂಲೆಮೂಲೆಯಿಂದ ಎನಿತಳ ಪ್ರಬಂಧವನ್ನು ಉಲ್ಲೇಖಿಸತೊಡಗಿದರು. ಬೆಳಗಿನ ಕಾಫಿಯ ಜೊತೆ ಅವಳೀಗ ತನ್ನ ಸಂಖ್ಯೆಯನ್ನೂ ತೆರೆದು ನೋಡುತ್ತಿದ್ದಳು. ಖಾಲಿಯಾದ ನಿರ್ದೇಶಕನ ಕುರ್ಚಿಗೆ ಅವಳನ್ನೇ ಕರೆಯುವ ಮಾತು ನಡೆದಿತ್ತು.

ಊರಿನ ಹೆಸರು ತೊಳೆದುಕೊಟ್ಟವಳೆಂದು ತಾಸ್ಕ್ವಾಲಿನವರು ಅವಳಿಗೆ ಔತಣ ಇಟ್ಟರು. ಚರ್ಚಿನ ಅಂಗಳದಲ್ಲಿ ಕೆಂಡದ ಮೇಲೆ ಕುಯ್‌ಗಳು ಸಾಲಾಗಿ ತಿರುಗುತ್ತಿದ್ದವು. ವಾದ್ಯಮೇಳ ಬಂದಿತ್ತು, ಕ್ಲಾರಿನೆಟ್ ಮಾತ್ರ ಇರಲಿಲ್ಲ. ಹಿರಿಯರೊಬ್ಬರು ಎದ್ದು, ಎನಿತ್ ಎಷ್ಟೆಲ್ಲ ವರ್ಷ ಹಟ ಬಿಡದೆ ಕೆಲಸ ಮಾಡಿದಳು ಎಂದು ಹೊಗಳಿದರು. ಎದುರಿನ ಬೆಂಚಿನಲ್ಲಿ ಯಾಮಿಲೆ ಕೂತಿದ್ದಳು. ಅವಳ ದವಡೆ ಮೂಳೆಗಳು ಎದ್ದು ಕಾಣುತ್ತಿದ್ದವು. ಒಂದು ಬಟ್ಟಲು ಸಾರನ್ನು ಮಕ್ಕಳ ಚಮಚದಲ್ಲಿ, ಒಂದೊಂದು ಗುಟುಕಿಗೂ ನಿಲ್ಲಿಸಿ ನಿಲ್ಲಿಸಿ ಕುಡಿಯುತ್ತಿದ್ದಳು. ಹೊಗಳಿಕೆ ಮುಗಿದ ಮೇಲೆ ಅವಳು ಚಮಚ ಕೆಳಗಿಟ್ಟಳು.

“ಚಿಕ್ಕಮ್ಮ, ಒಂದು ಮಾತು. ನಿಂಗೆ ಯಾವಾಗ ಗೊತ್ತಾಯ್ತು?”

“ಏನು?”

“ಇದು ರೋಗ ಅಲ್ಲ ಅಂತ.”

ಸುಳ್ಳು ಹೇಳಬಹುದಿತ್ತು. ಜನವರಿ ಅಂದಿದ್ದರೆ ಯಾರೂ ಹುಡುಕಲು ಹೋಗುತ್ತಿರಲಿಲ್ಲ. ಸಾಂತಾಕ್ರೂಸನಾಗಿದ್ದರೆ ಹಾಗೇ ಹೇಳುತ್ತಿದ್ದ ಎಂಬುದು ಎನಿತಳಿಗೆ ಹೊಳೆಯಿತು.

“ಆಗಸ್ಟಲ್ಲಿ,” ಅಂದಳು.

ಯಾಮಿಲೆ ಸಾರಿನ ಬಟ್ಟಲನ್ನು ದೂರ ತಳ್ಳಿದಳು. ಎದ್ದು ಬಂದವಳು ಫ್ಲೋರಾಲ್ಬಾ. ಎನಿತಳ ಮಡಿಲಿನಿಂದ ಕುಯ್ ಮತ್ತು ಆಲೂಗಡ್ಡೆ ತುಂಬಿದ ತಟ್ಟೆಯನ್ನು ಎತ್ತಿಕೊಂಡಳು, ಅಂಗಳದ ಅಂಚಿಗೆ ಹೋಗಿ ನಾಯಿಗಳ ಮುಂದೆ ಸುರಿದಳು. “ನಾನು ನಿನ್ನ ಎದುರಿಗೇ ಕೂತು ಕೇಳಿದ್ನಲ್ಲೇ,” ಅಂದಳು. “ತಡಿ ಅಂದ್ಯಲ್ಲೇ. ಯಾಕೆ ಅಂತ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಎದೆಲ್ಮಿರಾ ಮುದುಕಿ ಕೂಡ ಸಹಾಯಕ್ಕೆ ಬರಲಿಲ್ಲ. “ಅವನ ಮುಖಕ್ಕೆ ಬಳೀತೀನಿ ಅಂದೆ, ಅದಕ್ಕೇ ನಾನು ರಕ್ತ ಕೊಟ್ಟೆ,” ಅಂದಳು. “ನಮ್ಮ ಹುಡುಗಿ ಹೊಟ್ಟೆ ಕೊಯ್ಯೋ ತನಕ ಕಾಯ್ತೀನಿ ಅಂದಿದ್ರೆ ಕೊಡ್ತಿರಲಿಲ್ಲ.”

ಯಾಮಿಲೆಯ ಸರದಿ ಅದರ ಮುಂದಿನ ವಾರ ಬಂತು. ಅವಳು ಪಟ್ಟಣದ ರೇಡಿಯೊಗೆ ಹೋಗಿ ಎಲ್ಲವನ್ನೂ ಹೇಳಿದಳು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎನಿತ್ ಊಟದ ತಟ್ಟೆಯ ಮುಂದೆ ಕೂತು ಕೇಳಿದಳು. “ಒಬ್ಬ ಸುಳ್ಳು ಹೇಳಿ ನನ್ನ ಹೊಟ್ಟೆ ಕೀಳಿಸಿದ. ಇನ್ನೊಬ್ಬಳು ನಿಜ ಇಟ್ಕೊಂಡು ನೋಡ್ತಾ ನಿಂತಿದ್ಲು. ಇಬ್ಬರಿಗೂ ನನ್ನಿಂದ ಹೆಸರು ಬಂತು.” ಆ ದನಿಯ ತಣ್ಣಗಿನ ಹಟವನ್ನು ಎನಿತ್ ಚೆನ್ನಾಗಿ ಬಲ್ಲಳು. ತನ್ನದೇ ರಕ್ತ. ಕ್ಯಾಂಟೀನಿನ ಹೆಂಗಸು ರೇಡಿಯೊ ಆರಿಸಲು ಹೋದಳು. “ಇರಲಿ ಬಿಡು, ಮುಗಿಸಲಿ,” ಅಂದಳು ಎನಿತ್.

ನಿರ್ದೇಶಕನ ಕುರ್ಚಿಗೆ ಬೇರೆಯವರು ಬಂದರು. ತಾಸ್ಕ್ವಾಲಿನಲ್ಲಿ ಯಾರೂ ಅವಳಿಗೆ ಮತ್ತೆ ತೋಳು ಚಾಚಲಿಲ್ಲ. ಸಾಂತಾಕ್ರೂಸನನ್ನು ಉರುಳಿಸಿದ್ದಕ್ಕೆ ಪಶ್ಚಾತ್ತಾಪ ಇದೆಯಾ ಎಂದು ಇವೊನ್ನೆ ಒಮ್ಮೆ ಕೇಳಿದಾಗ, “ಅವನ ವಿಷಯದಲ್ಲಾ? ಒಂದು ಚೂರೂ ಇಲ್ಲ. ಇನ್ನೊಂದು ಸಲ ಸಿಕ್ಕಿದ್ರೆ ಇನ್ನೊಂದು ಸಲ ಉರುಳಿಸ್ತೀನಿ,” ಅಂದಳು. ಯಾಮಿಲೆಯ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಹೊಟ್ಟೆ ಇಲ್ಲದವರಿಗೆ ತಿಂಗಳಿಗೊಂದು ವಿಟಮಿನ್ ಚುಚ್ಚುಮದ್ದು ಬೇಕು, ಬದುಕಿರುವ ತನಕ. ತಾಸ್ಕ್ವಾಲಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಇದ್ದಾಳೆ. ಆದರೂ ಯಾಮಿಲೆ ಹೇಳಿ ಕಳಿಸಿದಳು: “ಅವಳೇ ಬರಬೇಕು. ಬೇರೆ ಯಾರ ಕೈಯಲ್ಲೂ ನಾನು ಚುಚ್ಚಿಸ್ಕೊಳ್ಳಲ್ಲ.”

ಎನಿತ್ ಬೆಳಗಿನ ಬಸ್ಸು ಹತ್ತಿ ಹೋಗುತ್ತಾಳೆ. ಯಾಮಿಲೆ ಅವಳನ್ನು ಒಳಗೆ ಕರೆಯುವುದಿಲ್ಲ. ಅಂಗಳದ ಚಳಿಗಾಳಿಯಲ್ಲಿ ನಿಲ್ಲಿಸಿ, ತಾನು ಹಸು ಕರೆದು, ಹಾಲು ಸೋಸಿ, ಕೋಳಿಗಳಿಗೆ ಜೋಳ ಎರಚಿ, ಮಾಡಲು ಇನ್ನೇನೂ ಕೆಲಸ ಉಳಿಯದಾದ ಮೇಲೆ ಬಂದು ತೋಳು ಚಾಚುತ್ತಾಳೆ.

“ಚುಚ್ಚು,” ಅನ್ನುತ್ತಾಳೆ. “ಮಾತಾಡಬೇಡ.”

ಎನಿತ್ ಚುಚ್ಚುತ್ತಾಳೆ, ಹತ್ತಿ ಒತ್ತುತ್ತಾಳೆ, ಸೂಜಿಯನ್ನು ಡಬ್ಬಿಗೆ ಹಾಕಿಕೊಂಡು ಬಸ್ಸಿನ ದಾರಿಗೆ ಇಳಿಯುತ್ತಾಳೆ.